ಸುಮ್ಮನೆ ನಿಂತ ನೀಲಿ ಮೀನು

ಹೊಳೆ ಕಡಲನ್ನು ಸೇರುವಲ್ಲಿ ಭದ್ರಮ್ಮನವರ ಆಶ್ರಮ. ಅಲ್ಲಿ ಮಾತು ಕಡಿಮೆ, ಗಾಳಿ ಜಾಸ್ತಿ.

ಒಂದು ಬೆಳಿಗ್ಗೆ ಶಿಷ್ಯ ತ್ರಿವಿಕ್ರಮ ಧ್ಯಾನದ ಕೋಣೆಯ ಕಸ ಗುಡಿಸಲು ಹೋದವನು ಪೊರಕೆ ಹಿಡಿದುಕೊಂಡೇ ನಿಂತುಬಿಟ್ಟ. ನೆಲದ ಮೇಲೆ ಒಂದು ಮೀನು ಬಿದ್ದಿತ್ತು. ಒಣಗಿ ಸೊಟ್ಟಗಾಗಿತ್ತು.

ಅದನ್ನು ಮೊನ್ನೆ ತಾನೇ ಪೇಟೆಯಿಂದ ತಂದು ಆ ಕೋಣೆಯ ಗಾಜಿನ ತೊಟ್ಟಿಗೆ ಬಿಟ್ಟವನು ಅವನೇ.

ಊರು ಬಿಟ್ಟು ಹೋಗುವಾಗ ಭಕ್ತರೊಬ್ಬರು ತಮ್ಮ ಮನೆಯ ಹಜಾರದಲ್ಲಿದ್ದ ಆ ತೊಟ್ಟಿಯನ್ನು ಆಶ್ರಮಕ್ಕೆ ಕೊಟ್ಟಿದ್ದರು. ಒಳಗೆ ಕಡಲಿನ ಉಪ್ಪುನೀರು, ಗುಹೆಯಂತೆ ಪೇರಿಸಿದ ಕಲ್ಲುಗಳು, ಕಲ್ಲಿಗೆ ಅಂಟಿಕೊಂಡ ಜೀವಂತ ಹವಳ, ನೀರು ಆಡಿಸಲು ಒಂದು ಪಂಪು. ತೊಟ್ಟಿಯ ಜೊತೆ ಬಂದದ್ದು ಒಂದೇ ಒಂದು ಮೀನು. ಹೆಬ್ಬೆರಳಿನಷ್ಟು ಉದ್ದದ ನೀಲಿ ಮೀನು. ಅದು ತ್ರಿವಿಕ್ರಮನ ಬೆರಳ ತುದಿಯಿಂದಲೇ ತಿನ್ನುತ್ತಿತ್ತು. ಅವನಿಗೂ ಅದರ ಮೇಲೆ ಜೀವ. ಅದಕ್ಕೆ ಜೊತೆಯಾಗಲೆಂದು ಅವನು ತಂದು ಬಿಟ್ಟ ಮೀನುಗಳು ಮಾತ್ರ ಒಂದೊಂದಾಗಿ ಸಾಯುತ್ತಿದ್ದವು.

ಅವನು ಸತ್ತ ಮೀನನ್ನು ಎಲೆಯ ಮೇಲಿಟ್ಟುಕೊಂಡು ಗುರುವಿನ ಬಳಿ ಹೋದ.

"ಇದೂ ಹೋಯ್ತಮ್ಮ."

"ಎಂಥಾದ್ದು ತಂದಿದ್ದೆ?"

"ಜಗಳ ಆಡದ ಜಾತಿ. ಹವಳ ಕಚ್ಚೋದಿಲ್ಲ, ದೊಡ್ಡದಾಗೋದಿಲ್ಲ, ಬೇರೆ ಮೀನು ನುಂಗುವಷ್ಟು ಬಾಯಿ ಇಲ್ಲ. ಒಂದೇ ಬಣ್ಣ, ಒಂದೇ ಆಕಾರದವು ಸೇರಿದ್ರೆ ಕಚ್ಚಾಡ್ತವೆ ಅಂತ ಅಂಗಡಿಯವ ಹೇಳಿದ್ದ. ಅದಕ್ಕೇ ನೀಲಿಗೂ ಇದಕ್ಕೂ ಯಾವ ಹೋಲಿಕೆಯೂ ಇಲ್ಲದ್ದನ್ನ ಹುಡುಕಿ ತಂದೆ."

"ಆರಿಸಿದ್ದು ಸರಿಯಾಗೇ ಇದೆ."

"ಮತ್ತೆ ಎಂತಕ್ಕೆ ಹೊರಗೆ ಹಾರ್ತು?"

ಭದ್ರಮ್ಮ ಮೀನನ್ನು ಮಗುಚಿ ನೋಡಿದರು. ರೆಕ್ಕೆ ಹರಿದಿರಲಿಲ್ಲ. ಮೈಮೇಲೆ ಒಂದು ಗೀರೂ ಇರಲಿಲ್ಲ.

"ಯಾರೂ ಕಚ್ಚಿಲ್ಲ. ತಾನಾಗೇ ಹೋಗಿದೆ."

ಮನುಷ್ಯರ ವಿಷಯದಲ್ಲೂ ಅವರು ಇದೇ ಮಾತು ಹೇಳುತ್ತಿದ್ದರು.

ಆಶ್ರಮಕ್ಕೆ ಕಲಿಯಲು ಬಂದವರು ಯಾರೂ ನಿಲ್ಲುತ್ತಿರಲಿಲ್ಲ. ಶಾಲೆಯ ಕೆಲಸ ಬಿಟ್ಟು ಬಂದ ಟೀಚರಮ್ಮ ನಿಲ್ಲಲಿಲ್ಲ. ಅಷ್ಟು ಚೆನ್ನಾಗಿ ಹಾಡುತ್ತಿದ್ದ ಅಣ್ಣತಮ್ಮಂದಿರು ನಿಲ್ಲಲಿಲ್ಲ. ಜಗಳವಿಲ್ಲ, ಕದನವಿಲ್ಲ. ಒಂದು ಬೆಳಿಗ್ಗೆ ನೋಡಿದರೆ ಚಾಪೆ ಅಂದವಾಗಿ ಸುತ್ತಿಟ್ಟಿರುತ್ತಿತ್ತು, ಮಲಗಿದವರು ಇರುತ್ತಿರಲಿಲ್ಲ. ಸುತ್ತಿಟ್ಟ ಆ ಚಾಪೆಗಳನ್ನು ಕಂಡರೆ ತ್ರಿವಿಕ್ರಮನಿಗೆ ಹೆದರಿಕೆಯಾಗುತ್ತಿತ್ತು.

"ಈಗ ಹಮ್ಮಣ್ಣ ಬಂದಿದ್ದಾನೆ," ಎಂದರು ಭದ್ರಮ್ಮ. "ಅವನೂ ಹೀಗೇ ಹೋದ್ರೆ ಬಾಗಿಲು ಹಾಕಿಬಿಡ್ತೇನೆ ತ್ರಿವಿಕ್ರಮ. ಒಬ್ಬನಿಗೆ ಹೇಳಿಕೊಡಲಿಕ್ಕೆ ಇಷ್ಟು ದೊಡ್ಡ ಮನೆ ಎಂತಕ್ಕೆ?"

ಆ ಮನೆ ಬಿಟ್ಟರೆ ತ್ರಿವಿಕ್ರಮನಿಗೆ ಬೇರೆ ನೆಲೆಯಿರಲಿಲ್ಲ. ಮೀಸೆ ಚಿಗುರುವ ಮೊದಲು ಬಂದವನು, ಈಗ ಗಡ್ಡದಲ್ಲಿ ನರೆ. ಅದರ ಒಂದೊಂದು ಕಂಬವೂ ಅವನಿಗೆ ಗೊತ್ತು. ಹಮ್ಮಣ್ಣನನ್ನು ಹೇಗಾದರೂ ಮಾಡಿ ಉಳಿಸಿಕೊಳ್ಳಬೇಕು ಎಂದು ಅವನು ಅಂದೇ ಗಟ್ಟಿ ಮನಸ್ಸು ಮಾಡಿದ.

ಹಮ್ಮಣ್ಣ ದಪ್ಪ ಮೈಯ, ಮೆಲುದನಿಯ ಮನುಷ್ಯ. ಹೆಂಡತಿ ತೀರಿಕೊಂಡ ಮೇಲೆ ಮನಸ್ಸಿಗೆ ನೆಮ್ಮದಿ ಹುಡುಕಿಕೊಂಡು ಬಂದವನು. ತ್ರಿವಿಕ್ರಮ ಅವನನ್ನು ಹೊಸ ಅಳಿಯನ ಹಾಗೆ ನೋಡಿಕೊಂಡ. ಹೆಜ್ಜೆ ಹೆಜ್ಜೆಗೂ ಜೊತೆಗಿದ್ದ.

"ಆ ಕಂಬದ ಹತ್ರ ಬೇಡ ಹಮ್ಮಣ್ಣನವರೇ. ಅಲ್ಲಿ ನಾನು ಕೂರೋದು."

"ಆಯ್ತು."

"ಬಕೆಟ್ಟು ಅಲ್ಲಲ್ಲ, ಇಲ್ಲಿಡಬೇಕು."

"ಆಯ್ತು."

"ದೀಪಕ್ಕೆ ಎಣ್ಣೆ ನಾನೇ ಹಾಕ್ತೇನೆ. ನಿಮಗೆ ಅದರ ಲೆಕ್ಕ ಗೊತ್ತಾಗ್ಲಿಕ್ಕಿಲ್ಲ. ನೀವು ಆರಾಮಾಗಿರಿ."

"ಆಯ್ತು," ಎಂದ ಹಮ್ಮಣ್ಣ. ಆ ಮಾತು ಅರ್ಧ ಕೇಳಿಸಿತು, ಅರ್ಧ ಕೇಳಿಸಲಿಲ್ಲ.

ಎಷ್ಟು ಸುಲಭದ ಮನುಷ್ಯ, ಇವನು ಖಂಡಿತ ನಿಲ್ಲುತ್ತಾನೆ ಎಂದು ತ್ರಿವಿಕ್ರಮ ಒಳಗೊಳಗೇ ಹಿಗ್ಗಿದ.

ಒಂದು ಸಂಜೆ ಅವನು ತೊಟ್ಟಿಯ ಮುಂದೆ ಕೂತ. ಮೀನುಗಳನ್ನು ಕೊಲ್ಲುವುದು ಏನು ಎಂದು ಇವತ್ತು ನೋಡಿಯೇ ಬಿಡೋಣ ಎಂದುಕೊಂಡ.

ತಂದು ಬಿಟ್ಟವುಗಳಲ್ಲಿ ಉಳಿದಿದ್ದವು ಕೆಲವೇ. ಕೇಸರಿ ಮೈಗೆ ಬಿಳಿ ಪಟ್ಟೆ ಬಳಿದಂಥ ಒಂದು ಜೋಡಿ, ಮರಳಲ್ಲಿ ಹುದುಗುವ ಒಂದು ಚಿಕ್ಕ ಮೀನು. ಅವು ಮೂರೂ ತೊಟ್ಟಿಯ ಒಂದು ಮೂಲೆಯಲ್ಲಿ ಒತ್ತೊತ್ತಾಗಿ ನಿಂತಿದ್ದವು. ಉಳಿದ ನೀರೆಲ್ಲ ಖಾಲಿ. ನಡುವೆ, ಕಲ್ಲಿನ ಗುಹೆಯ ಬಾಯಲ್ಲಿ, ನೀಲಿ ಮೀನು ಒಂದೇ ಇತ್ತು. ಅದು ಅಟ್ಟಿಸಿಕೊಂಡು ಹೋಗಲಿಲ್ಲ, ಬಾಯಿ ತೆರೆಯಲಿಲ್ಲ. ಸುಮ್ಮನೆ ನಿಂತಿತ್ತು.

ಮೂಲೆಯ ಮೀನುಗಳು ಒಂದೇ ಕಡೆ ನೋಡುತ್ತಿದ್ದವು. ತನ್ನ ಬೆನ್ನ ಹಿಂದೆ ಏನನ್ನೋ ನೋಡುತ್ತಿವೆ ಎನ್ನಿಸಿತು ತ್ರಿವಿಕ್ರಮನಿಗೆ. ತಿರುಗಿದ.

ಕೋಣೆಯ ಮೂಲೆಯಲ್ಲಿ, ಗೋಡೆಗೆ ಬೆನ್ನು ಒತ್ತಿಕೊಂಡು, ಹಮ್ಮಣ್ಣ ನಿಂತಿದ್ದ.

"ಎಷ್ಟು ಹೊತ್ತಿಂದ ನಿಂತಿದ್ದೀರಿ? ಎಂತಕ್ಕೆ?"

"ಎಂತದೂ ಇಲ್ಲ," ಎಂದ ಹಮ್ಮಣ್ಣ. "ಎಲ್ಲಿ ಕೂತ್ರೆ ಅಡ್ಡಿಲ್ಲ ಅಂತ ನೋಡ್ತಿದ್ದೆ."

ತ್ರಿವಿಕ್ರಮ ಎದ್ದವನೇ ಭದ್ರಮ್ಮನವರ ಬಳಿಗೆ ಓಡಿದ. ಉಸಿರು ಮೇಲೆಕೆಳಗಾಗಿತ್ತು.

"ಆ ತೊಟ್ಟಿ ನಮಗೆ ಬೇಡಮ್ಮ. ಅದರ ನೀರಲ್ಲಿ ಎಂತದೋ ಇದೆ."

"ಇದೆ," ಎಂದರು ಭದ್ರಮ್ಮ.

ಇಲ್ಲ, ಅದೆಲ್ಲ ನಿನ್ನ ಭ್ರಮೆ ಎನ್ನುತ್ತಾರೆ ಎಂದುಕೊಂಡಿದ್ದ ಅವನು.

"ನೀವು ನೋಡಿದ್ದೀರಾ?"

"ದಿನಾ ನೋಡ್ತೇನೆ."

"ಹಮ್ಮಣ್ಣನವರೂ ಇವತ್ತು ಯಾಕೋ ಸರಿ ಇಲ್ಲ. ಅದು ನೀರು ಬಿಟ್ಟು ಹೊರಗೂ ಬಂದಿದೆ ಅನ್ನಿಸ್ತದೆ."

"ಬಂದಿದೆ."

"ಈಗ ಎಂತ ಮಾಡುದಮ್ಮ?"

"ನೀಲಿ ಮೀನನ್ನ ಒಂದು ಪಾತ್ರೆಗೆ ತಕ್ಕೊ. ಹೊಳೆ ದಾಟಿ ಆಚೆ ದಡದ ಗುಡಿಸಲಲ್ಲಿ ಇರು. ಹೇಳಿ ಕಳಿಸೋ ತನಕ ಬರಬೇಡ."

"ನೀಲಿಯೊಂದನ್ನೇ ಯಾಕೆ?"

"ನಿನಗೆ ಅದರ ಮೇಲೆ ಪ್ರೀತಿ ಅಲ್ವಾ?"

ತನ್ನ ಪ್ರೀತಿಯದ್ದಾದರೂ ಉಳಿಯಲಿ ಎಂದು ಕಳಿಸುತ್ತಿದ್ದಾರೆ ಎಂದುಕೊಂಡ ತ್ರಿವಿಕ್ರಮ. ಅವನ ಕಣ್ಣು ತುಂಬಿ ಬಂತು.

ಆಚೆ ದಡದಲ್ಲಿ ಅವನು ಮೀನನ್ನು ಕಣ್ಣಲ್ಲಿ ಕಣ್ಣಿಟ್ಟು ಕಾಪಾಡಿದ. ದಿನಾ ಕಡಲಿನ ಹೊಸ ನೀರು ತಂದು ಹಾಕಿದ. ಬ್ಯಾಟರಿಯ ಚಿಕ್ಕ ಪಂಪು ಗುಳುಗುಳು ಎನ್ನುತ್ತಿತ್ತು. ಕೆಲಸ ಮುಗಿದ ಮೇಲೆ ಹೊಳೆಯಾಚೆಯ ಆಶ್ರಮವನ್ನೇ ನೋಡುತ್ತ ಕೂರುತ್ತಿದ್ದ.

ಮೊದಲು ಎಲ್ಲ ಮಾಮೂಲಿಯಾಗಿತ್ತು. ಆಮೇಲೆ ಒಂದು ದಿನ ಪೂಜೆಯ ಗಂಟೆ ಉರಿಬಿಸಿಲಲ್ಲಿ ಬಾರಿಸಿತು. ಆ ಹೊತ್ತಿಗೆ ಅದು ಎಂದೂ ಬಾರಿಸಿದ್ದಿಲ್ಲ. ಮರುದಿನ ಆಶ್ರಮದ ಕಡಲ ಕಡೆಯಿಂದ ಹೊಗೆ ಎದ್ದಿತು. ಆ ಕಡೆ ಒಲೆಯೇ ಇರಲಿಲ್ಲ.

ಇನ್ನೊಂದು ದಿನ ಇಬ್ಬರು ಉದ್ದನೆಯದೊಂದನ್ನು ಬಟ್ಟೆ ಹೊದಿಸಿ ಹೊರಗೆ ಹೊತ್ತು ತಂದರು. ಒಂದು ತುದಿ ಹಿಡಿದವನು ಹಮ್ಮಣ್ಣ. ಇನ್ನೊಂದು ತುದಿ ಹಿಡಿದವರು ಯಾರೆಂದು ಕಾಣಲಿಲ್ಲ. ಆಶ್ರಮದಲ್ಲಿ ಇದ್ದದ್ದೇ ಇಬ್ಬರು. ಹಾಗಾದರೆ ಹೊತ್ತವರು ಯಾರು, ಹೊದ್ದವರು ಯಾರು?

"ಅಮ್ಮಾ!" ಎಂದು ಕೂಗಿದ ತ್ರಿವಿಕ್ರಮ. ಹೊಳೆ ಅಗಲ, ಗಾಳಿ ಎದುರು. ಕೂಗು ಅವನ ಕಾಲ ಬುಡದಲ್ಲೇ ಬಿತ್ತು.

ಅವನು ನೀರಿಗಿಳಿದು ಮೊಣಕಾಲಿನವರೆಗೂ ಹೋದ. ಹೇಳಿ ಕಳಿಸುವ ತನಕ ಬರಬೇಡ ಎಂದಿದ್ದರಲ್ಲ. ಅಳುತ್ತಾ ಹಿಂದಕ್ಕೆ ಬಂದ.

ಕಡೆಗೆ ಒಂದು ದೋಣಿ ಬಂತು. ದೋಣಿಯವನ ಮುಖ ಪರಿಚಯದ್ದಲ್ಲ.

"ಅಮ್ಮ ಬದುಕಿದ್ದಾರಾ?" ಎಂದು ತ್ರಿವಿಕ್ರಮ ದಡದಿಂದಲೇ ಕೇಳಿದ.

"ಅವರೇ ಅಲ್ದಾ ನನ್ನ ಕಳಿಸಿದ್ದು!" ಎಂದ ದೋಣಿಯವ. "ಆಚೆ ದಡದಲ್ಲಿ ಆಶ್ರಮ ಸೇರ್ಲಿಕ್ಕೆ ಬಂದ ಹೊಸಬರು ಒಬ್ರು ಇದ್ದಾರೆ, ಕರ್ಕೊಂಡು ಬಾ ಅಂದ್ರು. ನೀವೇ ಅಲ್ದಾ?"

ತ್ರಿವಿಕ್ರಮ ಪಾತ್ರೆಯನ್ನು ಎದೆಗವಚಿಕೊಂಡು ದೋಣಿ ಹತ್ತಿದ.

ಆಶ್ರಮದ ಮುಂಬಾಗಿಲು ಮುಚ್ಚಿತ್ತು. ತಳ್ಳಿದ, ತೆರೆಯಲಿಲ್ಲ. ಗೋಡೆ ಹಿಡಿದು ಸುತ್ತಿ ಬಂದ. ಅವನ ಕಾಲದಲ್ಲಿ ಎಂದೂ ತೆರೆಯದ ಕಡಲ ಕಡೆಯ ಬಾಗಿಲು ಹಾರುಹೊಡೆದಿತ್ತು. ಅದರ ಪಕ್ಕದಲ್ಲಿ ಹೊಸ ಒಲೆ. ಒಳಗಿದ್ದ ಉದ್ದನೆಯ ಮರದ ಬೆಂಚು ಹೊರಗಿತ್ತು, ಮೇಲೆ ಅದೇ ಬಟ್ಟೆ ಹೊದಿಸಿತ್ತು. ಅವನು ಅಳುತ್ತಾ ನೋಡಿದ್ದು ಈ ಬೆಂಚನ್ನು.

ಒಳಗೆ ಬೆಳಕು ಬೇರೆ ಕಡೆಯಿಂದ ಬೀಳುತ್ತಿತ್ತು. ಗಂಟೆ ಇದ್ದಲ್ಲಿ ಮಡಕೆ, ಮಡಕೆ ಇದ್ದಲ್ಲಿ ದೀಪ. ತನ್ನ ಮನೆಯನ್ನು ಕನ್ನಡಿಯಲ್ಲಿ ನೋಡಿದ ಹಾಗಿತ್ತು. ತ್ರಿವಿಕ್ರಮನಿಗೆ ಕಾಲು ಎಲ್ಲಿ ಇಡಬೇಕೆಂದು ತಿಳಿಯಲಿಲ್ಲ.

ಭದ್ರಮ್ಮ ಕಣ್ಣೆತ್ತಿ ನೋಡಿದರು.

"ಬಾಪ್ಪಾ. ಹೆಸರು?"

"ಅಮ್ಮ, ನಾನು!"

"ನಾನು ಅಂದ್ರೆ?"

ಅವರ ಮುಖದಲ್ಲಿ ನಗುವಿರಲಿಲ್ಲ.

"ತ್ರಿವಿಕ್ರಮ."

"ಒಳ್ಳೆ ಹೆಸರು. ಇಲ್ಲಿಗೆ ಎಂತಕ್ಕೆ ಬಂದೆ?"

ಅವನು ತನ್ನ ತೋಳನ್ನು ತಾನೇ ಚಿವುಟಿಕೊಂಡ.

"ಅಮ್ಮ, ನಾನು ಸತ್ತು ಹೋಗಿದ್ದೇನಾ?"

"ಸತ್ತವರು ಪಾತ್ರೆ ಹೊತ್ಕೊಂಡು ಬರೋದಿಲ್ಲ. ಮೊದ್ಲು ಆ ಮೀನನ್ನ ನೀರಿಗೆ ಬಿಡು."

ತೊಟ್ಟಿ ಇದ್ದಲ್ಲೇ ಇತ್ತು. ಒಳಗಿನ ಕಲ್ಲುಗಳು ಮಾತ್ರ ಅದಲುಬದಲಾಗಿದ್ದವು. ಗುಹೆ ಇದ್ದಲ್ಲಿ ಬಯಲು, ಬಯಲಿದ್ದಲ್ಲಿ ಗುಡ್ಡ. ಕೇಸರಿ ಜೋಡಿ ತೊಟ್ಟಿಯ ತುಂಬ ಈಜಾಡುತ್ತಿತ್ತು. ಮರಳಿನ ಮೀನು ಮರಳು ಬಿಟ್ಟು ಮೇಲೆ ಬಂದಿತ್ತು.

ತ್ರಿವಿಕ್ರಮ ತೊಟ್ಟಿಯ ನೀರನ್ನು ಪಾತ್ರೆಗೆ ಸ್ವಲ್ಪಸ್ವಲ್ಪವೇ ಬೆರೆಸಿದ. ಮೀನು ಹೊಂದಿಕೊಂಡ ಮೇಲೆ ಮೆಲ್ಲಗೆ ಒಳಗೆ ಬಿಟ್ಟ.

ನೀಲಿ ಮೀನು ಬಾಣದ ಹಾಗೆ ತನ್ನ ಗುಹೆಯ ಕಡೆ ಹೋಯಿತು. ಗುಹೆ ಇರಲಿಲ್ಲ. ತಿರುಗಿತು. ಇನ್ನೊಂದು ಕಡೆ ಹೋಯಿತು. ಅಲ್ಲೂ ಇರಲಿಲ್ಲ. ರೆಕ್ಕೆಗಳನ್ನು ಮೈಗೆ ಒತ್ತಿಕೊಂಡು ಮೂಲೆ ಸೇರಿತು.

ಆಗ ಕೇಸರಿ ಜೋಡಿಯಲ್ಲಿ ದೊಡ್ಡದು ಬಂತು. ಕಚ್ಚಲಿಲ್ಲ, ಗುದ್ದಲಿಲ್ಲ. ಎದುರಿಗೆ ಬಂದು ಸುಮ್ಮನೆ ನಿಂತಿತು.

ನೀಲಿ ಹಿಂದೆ ಸರಿಯಿತು. ಗಾಜಿಗೆ ತಾಗಿತು. ಹಿಂದೆ ಜಾಗವಿಲ್ಲದೆ ಮೇಲೆ ಮೇಲೆ ಏರತೊಡಗಿತು.

"ಅದು ಹಾರ್ತದೆ ಅಮ್ಮ! ಹೊರಗೆ ಹಾರಿಬಿಡ್ತದೆ!"

ತ್ರಿವಿಕ್ರಮ ಎರಡೂ ಅಂಗೈಗಳನ್ನು ನೀರಿನ ಮೇಲೆ ಅಡ್ಡ ಹಿಡಿದ. ಮೀನು ಅವನ ಅಂಗೈಗೆ ಬಡಿಯಿತು. ಮತ್ತೆ ಬಡಿಯಿತು. ಅಷ್ಟು ಚಿಕ್ಕ ಮೈಯಲ್ಲಿ ಅಷ್ಟೊಂದು ಹೆದರಿಕೆ ಇರಬಹುದೆಂದು ಅವನಿಗೆ ಗೊತ್ತಿರಲಿಲ್ಲ.

ಹಾಗೆ ಕೈ ಅಡ್ಡ ಹಿಡಿದುಕೊಂಡೇ ಅವನು ಅಲುಗಾಡದೆ ನಿಂತುಬಿಟ್ಟ. ಟೀಚರಮ್ಮ ನೆನಪಾದಳು. ಅಣ್ಣತಮ್ಮಂದಿರು ನೆನಪಾದರು. ಗೋಡೆಗೆ ಬೆನ್ನು ಒತ್ತಿ ನಿಂತ ಹಮ್ಮಣ್ಣ ನೆನಪಾದ.

"ಅವರೆಲ್ಲ ನನ್ನಿಂದಲಾ ಹೋದದ್ದು?"

ಭದ್ರಮ್ಮ ಅವನ ಅಂಗೈ ಕೆಳಗಿನ ಮೀನನ್ನು ನೋಡಿದರು.

"ನಾನು ಎಂತದೂ ಮಾಡ್ಲಿಲ್ಲಮ್ಮ. ಒಬ್ಬರಿಗೂ ಒಂದು ಗಟ್ಟಿ ಮಾತು ಆಡ್ಲಿಲ್ಲ."

"ನೀಲಿಯೂ ಎಂತದೂ ಮಾಡ್ಲಿಲ್ಲ."

ತ್ರಿವಿಕ್ರಮನಿಗೆ ತಡೆಯಲಾಗಲಿಲ್ಲ. ಚಿಕ್ಕ ಮಗುವಿನಂತೆ ಅತ್ತ. ಮೀನು ನಿಧಾನಕ್ಕೆ ಕೆಳಗಿಳಿದು ಒಂದು ಕಲ್ಲಿನ ಸಂದಿಯಲ್ಲಿ ತೂರಿಕೊಂಡಿತು. ಅವನು ಕೈ ಒರೆಸಿಕೊಂಡು, ತೊಟ್ಟಿಯ ಮೇಲೆ ಒಂದು ಬಲೆ ಮುಚ್ಚಿ, ಕೂರಲು ಜಾಗ ಹುಡುಕಿದ. ಹಳೆಯ ಕಂಬದ ಕಡೆ ಅವನು ನೋಡಲೇ ಇಲ್ಲ. ಕಿಟಕಿಯ ಕೆಳಗೆ ಖಾಲಿ ನೆಲವಿತ್ತು. ಅಲ್ಲಿ ಕೂರಲು ಮಂಡಿ ಮಡಿಚಿದ.

ಹಮ್ಮಣ್ಣ ಎಣ್ಣೆಯ ಗಿಂಡಿ ಹಿಡಿದು ಒಳಗೆ ಬಂದ. ತ್ರಿವಿಕ್ರಮನನ್ನು ಕಂಡು ಅವನ ಮುಖ ಅರಳಿತು. ನಿಜವಾದ ಸಂತೋಷವೇ ಅದು.

"ಬಂದ್ರಾ? ಒಳ್ಳೇದಾಯ್ತು," ಎಂದ ಹಮ್ಮಣ್ಣ. ಆಮೇಲೆ ಬಹಳ ಮೆತ್ತಗೆ, "ಆ ಕಿಟಕಿ ಹತ್ರ ಒಂದು ಬಿಟ್ಟು ಬೇರೆ ಎಲ್ಲಾದ್ರೂ ಕೂರಿ ತಮ್ಮಾ. ಅಲ್ಲಿ ಕೂತು ನಂಗೆ ರೂಢಿ ಆಗ್ಬಿಟ್ಟದೆ."

"ಆಯ್ತು," ಎಂದ ತ್ರಿವಿಕ್ರಮ. ತನ್ನ ದನಿ ಎಷ್ಟು ಸಣ್ಣಗೆ ಹೊರಟಿತೆಂದು ಅವನಿಗೇ ಕೇಳಿಸಿತು.

ಭದ್ರಮ್ಮ ತೊಟ್ಟಿಯ ಕೇಸರಿ ಮೀನನ್ನು ನೋಡಿದರು. ಹಮ್ಮಣ್ಣನನ್ನು ನೋಡಿದರು. ಎದ್ದು ಬಂದು ಅವನ ಕೈಯಿಂದ ಎಣ್ಣೆಯ ಗಿಂಡಿ ತೆಗೆದುಕೊಂಡು, ಆ ಕೈಗೆ ನೀಲಿ ಮೀನು ಬಂದಿದ್ದ ಖಾಲಿ ಪಾತ್ರೆ ಕೊಟ್ಟರು.

"ಹಮ್ಮಣ್ಣಾ, ದೋಣಿಯವ ಹೋಗಿಲ್ಲಾಂದ್ರೆ ಸ್ವಲ್ಪ ನಿಲ್ಲಲಿಕ್ಕೆ ಹೇಳು."