ಯಜಮಾನ ಎಂಬ ಮಾತು

ಕಪಿಲೆಯ ದಂಡೆಯ ಆಶ್ರಮದಲ್ಲಿ ಪುಟ್ಟಬಸಪ್ಪ ಹನ್ನೆರಡು ವರ್ಷದಿಂದ ಶಿಷ್ಯ. ನಾಗಮಲ್ಲು ಬಂದು ಇನ್ನೂ ವರ್ಷ ತುಂಬಿರಲಿಲ್ಲ.

ಒಂದು ಬೆಳಿಗ್ಗೆ ಆಚೆ ದಡದಿಂದ ಸುದ್ದಿ ಬಂತು. ಅಲ್ಲಿನ ಮಗ್ಗದ ಮಾಲೀಕ ವಯಸ್ಸಾದ ನೇಕಾರನೊಬ್ಬನಿಗೆ, ನಾಳೆಯಿಂದ ಬರಬೇಡ ಅಂದನಂತೆ. ಉಳಿದವರೆಲ್ಲ ಮಗ್ಗ ಬಿಟ್ಟು ಎದ್ದು ಮೂರು ದಿನವಾಯಿತಂತೆ. ಗುರುಗಳ ಕಡೆಯಿಂದ ಯಾರಾದರೂ ಬಂದು ನ್ಯಾಯ ಹೇಳಲಿ ಎಂದು ಎರಡೂ ಕಡೆಯವರು ಕೇಳಿಕೊಂಡಿದ್ದರು.

ಗುರುಗಳು ಇಬ್ಬರನ್ನೂ ಕರೆದರು.

"ಈ ಜಗಳ ನಿಮಗೆ ಹೇಗೆ ಕಾಣುತ್ತೆ?"

ಪುಟ್ಟಬಸಪ್ಪ ಮುಂದೆ ಬಂದ. ಇಂಥ ದಿನಕ್ಕಾಗಿಯೇ ಅವನು ಕಾದಿದ್ದ.

"ಮಗ್ಗದ ಮಾಲೀಕನನ್ನೂ ಯಜಮಾನ ಅಂತೀವಿ, ಮನೆ ಹಿರಿಯನನ್ನೂ ಯಜಮಾನ ಅಂತೀವಿ, ಬುದ್ಧಿ. ಅವನು ಅಪ್ಪ, ನೇಕಾರರು ಮಕ್ಕಳು. ಯಾರೋ ಒಬ್ಬ ಆ ಮಕ್ಕಳ ಕಿವಿ ಊದಿದ್ದಾನೆ. ಅವನನ್ನು ಅಟ್ಟಿದರೆ ಮುಗೀತು."

ನಾಗಮಲ್ಲು ತಲೆ ಕೆರೆದುಕೊಂಡ.

"ನಾಳೆಯಿಂದ ಬರಬೇಡ ಅಂತ ಯಾವ ಅಪ್ಪ ಮಗನಿಗೆ ಹೇಳ್ತಾನೆ, ಬುದ್ಧಿ? ಮಗ್ಗ ಅವನದು, ಕೈ ಇವರದು. ಜಗಳ ಇರೋದೇ. ಎದುರುಬದುರು ಕೂರಿಸಿ ಮಾತಾಡಿಸಬೇಕು."

"ನೀನು ಹೋಗಿ ಬಾ, ನಾಗಮಲ್ಲು" ಎಂದರು ಗುರುಗಳು.

ಪುಟ್ಟಬಸಪ್ಪ ಸರಸರನೆ ಹೊರಗೆ ನಡೆದ. ನಿನ್ನೆ ಮೊನ್ನೆ ಬಂದವನು, ಮಂತ್ರ ಹೇಳುವಾಗ ಇನ್ನೂ ತಡವರಿಸುವವನು, ತನ್ನನ್ನು ದಾಟಿ ಹೋಗುವುದೇ?

ನಾಗಮಲ್ಲು ಬುತ್ತಿ ಕಟ್ಟಿಕೊಳ್ಳುವಷ್ಟರಲ್ಲಿ ಅವನು ಹೊಳೆಗೆ ಓಡಿದ. ಮೊಣಕಾಲುದ್ದ ನೀರಿಗಿಳಿದು, ಸುದ್ದಿ ತಂದು ದೋಣಿಯಲ್ಲೇ ಕಾದಿದ್ದ ಅಂಬಿಗನನ್ನು ಕೂಗಿದ.

"ಆಶ್ರಮದಿಂದ ಇವತ್ತು ಯಾರೂ ಬರೋದಿಲ್ಲ ಕಣಪ್ಪ. ನೀನು ಹೊರಡು."

ಸ್ವಲ್ಪ ಹೊತ್ತಿಗೆ ನಾಗಮಲ್ಲು ಬುತ್ತಿಯ ಸಮೇತ ಹಿಂದಿರುಗಿದ.

"ದೋಣಿ ಹೋಗಿಬಿಟ್ಟಿದೆ, ಬುದ್ಧಿ. ಇನ್ನು ನಾಳೆಗೇ."

ಗುರುಗಳು ಹಿರಿಯ ಶಿಷ್ಯನ ಕಡೆ ತಿರುಗಿದರು.

"ನಿನ್ನ ಪಂಚೆ ಯಾಕಪ್ಪ ಒದ್ದೆ?"

ಪುಟ್ಟಬಸಪ್ಪ ಪಂಚೆಯ ಅಂಚು ಹಿಂಡಿದ.

"ದೋಣಿ ಕಳಿಸಿದ್ದು ನಾನೇ. ಹೊಟ್ಟೆ ಉರೀತು, ಬುದ್ಧಿ. ಹನ್ನೆರಡು ವರ್ಷ ನೀರು ಹೊತ್ತೆ, ಸೌದೆ ಒಡೆದೆ. ಒಂದು ದಿನವೂ, ಒಂದು ಕೆಲಸಕ್ಕೂ, ಹೋಗಿ ಬಾ ಅಂತ ನೀವು ನನಗೆ ಹೇಳಲಿಲ್ಲ."

"ಇದನ್ನು ನನ್ನ ಹತ್ತಿರ ಯಾಕೆ ಕೇಳಲಿಲ್ಲ?"

"ಮಗನಾದವನು ಅಪ್ಪನ ಎದುರು ನಿಂತು ಹೇಗೆ ಕೇಳೋದು?"

ಗುರುಗಳು ಗದ್ದುಗೆಯಿಂದ ಇಳಿದರು. ನಾಗಮಲ್ಲು ಚಾಪೆ ತರಲು ಹೋದ. ಬೇಡವೆಂದು ಕೈ ಆಡಿಸಿದರು. ಪುಟ್ಟಬಸಪ್ಪನ ಎದುರಿಗೆ, ಬರಿ ನೆಲದ ಮೇಲೆ, ಕಾಲು ಮಡಚಿ ಕುಳಿತರು.

"ಈಗ ನಾನು ಅಪ್ಪ ಅಲ್ಲ. ಏನು ಕೇಳಬೇಕೋ ಕೇಳು."