ಬಂಡೆಯ ಮೇಲೆ ಹಗ್ಗ ಹಿಡಿದವರು

"ಯೋಗ್ಯತೆ ಇದ್ದವನು ಮೇಲೇರುತ್ತಾನೆ, ಇಲ್ಲದವನು ಕೆಳಗೇ ಉಳಿಯುತ್ತಾನೆ. ಇದರಲ್ಲಿ ಅನ್ಯಾಯವೇನಿದೆ, ಗುರುಗಳೇ?" ಎಂದು ಮುರಿಗಯ್ಯ ಕೇಳಿದ. ಮಠದ ಪರೀಕ್ಷೆಯಲ್ಲಿ ಎಲ್ಲರನ್ನೂ ಹಿಂದಿಕ್ಕಿ, ಅವನು ಅಂದು ಬೆಳಿಗ್ಗೆಯಷ್ಟೇ ಪಾಠ ಹೇಳುವ ಅಧಿಕಾರ ಪಡೆದಿದ್ದ.

ಗುರುಗಳು ನಿಟ್ಟುಸಿರು ಬಿಟ್ಟರು. "ಇದನ್ನು ಕೇಳಿ ಕೇಳಿ ಸಾಕಾಗಿದೆಯಪ್ಪ. ಕೂತುಕೋ, ಹೇಳುತ್ತೇನೆ" ಎಂದರು.

ಒಂದು ಬೆಟ್ಟದ ಸೀಮೆ. ಅಲ್ಲಿನ ಜನ ಕಡಿದಾದ ಬಂಡೆಗೆ ಹಗ್ಗದಲ್ಲಿ ಇಳಿದು ಜೇನು ಕೀಳುತ್ತಿದ್ದರು. ಇಳಿಯುವವನ ಹಗ್ಗವನ್ನು ಮೇಲೆ ಹಿಡಿಯುವವರು ಅವನ ಹೆಂಡತಿಯ ಅಣ್ಣತಮ್ಮಂದಿರೇ, ಬೇರೆ ಯಾರೂ ಅಲ್ಲ. ತಂಗಿಯ ತಾಳಿ ನೆನೆದಾದರೂ ಅವರು ಕೈಬಿಡುವುದಿಲ್ಲ ಎಂಬ ನಂಬಿಕೆ.

ಒಮ್ಮೆ ಆ ಸೀಮೆಯ ದೊರೆ ಡಂಗುರ ಹೊಡೆಸಿದ. ಹೆಚ್ಚು ಜೇನು ತಂದವನಿಗೆ ಅರಮನೆಯಲ್ಲಿ ಕೆಲಸ. ಯಾರು ಬೇಕಾದರೂ ಬರಬಹುದು. ಎಲ್ಲರಿಗೂ ಒಂದೇ ಬಂಡೆ, ಒಂದೇ ಅಳತೆಯ ಹಗ್ಗ.

ಒಬ್ಬ ಜೇನುಗಾರನಿಗೆ ಆಸೆ ಹುಟ್ಟಿತು. ಅವನ ಅಪ್ಪ ಅದೇ ಬಂಡೆಯಿಂದ ಬಿದ್ದು ಸತ್ತಿದ್ದ. ಗೆದ್ದರೆ ತನ್ನ ಮಕ್ಕಳಿಗಾದರೂ ಈ ಜೋತಾಡುವ ಬಾಳು ತಪ್ಪುತ್ತದೆ. ಆದರೆ ಅವನ ಹೆಂಡತಿಗೆ ಅಣ್ಣತಮ್ಮಂದಿರೇ ಇರಲಿಲ್ಲ. ಕಂಡಕಂಡವರನ್ನೆಲ್ಲ ಬೇಡಿಕೊಂಡ. "ನಮ್ಮ ಭಾವನ ಹಗ್ಗ ಬಿಟ್ಟು ನಿನ್ನದನ್ನು ಹಿಡಿಯೋಕಾಗುತ್ತಾ, ಮಾರಾಯ?" ಎಂದರು ಎಲ್ಲರೂ. ಅವರದೂ ತಪ್ಪೆನ್ನುವಂತಿಲ್ಲ. ಕೊನೆಗೆ ಅವನು ಕಣ್ಣಳತೆಯಲ್ಲೇ ಆಳ ನೋಡಿ, ಹಗ್ಗವನ್ನು ಮರಕ್ಕೆ ಬಿಗಿದು ಇಳಿದ.

ದೊಡ್ಡ ಜೇನುಹುಟ್ಟು ಇನ್ನೆರಡು ಮಾರು ಕೆಳಗಿತ್ತು. ಉಳಿದ ಹಗ್ಗ ಮೇಲೆ ಮರದ ಬುಡದಲ್ಲಿ ಸುಮ್ಮನೆ ಬಿದ್ದಿತ್ತು. ಸಡಿಲಿಸುವ ಕೈ ಇರಲಿಲ್ಲ. "ಯಾರಾದರೂ ಬನ್ನಿರಪ್ಪೋ!" ಎಂದು ಕೂಗಿದ. ಪಕ್ಕದಲ್ಲಿ ಮತ್ತೊಬ್ಬನನ್ನು ಅವನ ಮೂವರು ಭಾವಮೈದುನರು ಬೇಕೆಂದಾಗ ಇಳಿಸುತ್ತಿದ್ದರು, ಬೇಕೆಂದಾಗ ಎಳೆಯುತ್ತಿದ್ದರು. ಅವನು ನಾಲ್ಕು ಕೊಡ ತುಂಬಿದ. ಇವನು ಕೈಗೆಟುಕಿದ ಪುಟ್ಟ ಹುಟ್ಟನ್ನಷ್ಟೇ ಕಿತ್ತು, ಅಂಗೈ ಸುಲಿಯುವಂತೆ ಹಗ್ಗ ಹಿಡಿದು ತಾನೇ ಹತ್ತಿ ಬಂದ.

ದೊರೆ ಗೆದ್ದವನಿಗೆ ಶಾಲು ಹೊದಿಸಿದ. ಗೆದ್ದವನು, "ಎಲ್ಲ ನನ್ನ ತೋಳಿನ ಬಲ" ಎಂದ. ಜನ ಹೌದೆಂದರು. ಅಯ್ಯೋ, ಸೋತವನೂ ಹೌದೆಂದೇ ತಲೆಯಾಡಿಸಿದ.

ಮನೆಯಲ್ಲಿ ಹೆಂಡತಿ ಅವನ ಅಂಗೈಗೆ ಎಣ್ಣೆ ಹಚ್ಚುತ್ತ ಕೇಳಿದಳು, "ಏನಾಯ್ತು?"

"ನನಗೆ ಅಷ್ಟು ಯೋಗ್ಯತೆ ಇಲ್ಲ ಕಣೆ" ಎಂದ. ಮತ್ತೆಂದೂ ಅವನು ಪಂದ್ಯದ ಮಾತೆತ್ತಲಿಲ್ಲ. ಮಗ ದೊಡ್ಡವನಾದ ಮೇಲೆ ಅವನ ಸೊಂಟಕ್ಕೂ ಹಗ್ಗ ಕಟ್ಟಿ ಅದೇ ಬಂಡೆಗೆ ಇಳಿಸಿದ.

ಗುರುಗಳು ಕಥೆ ಮುಗಿಸಿದರು. ಮುರಿಗಯ್ಯನಿಗೆ ಸಮಾಧಾನವಾಗಲಿಲ್ಲ. "ಆದರೂ ಗೆದ್ದವನು ಪ್ರಾಣ ಒತ್ತೆಯಿಟ್ಟೇ ಇಳಿದನಲ್ಲ, ಗುರುಗಳೇ? ಅವನ ಶ್ರಮ ಸುಳ್ಳೇ?"

"ಶ್ರಮ ನಿಜವೇ ಕಣಯ್ಯ, ಆದರೆ ಮೇಲೆ ಹಗ್ಗ ಹಿಡಿದ ಕೈಗಳೂ ನಿಜ. ಈಗ ನೀನೂ ಮೇಲೆ ಬಂದು ನಿಂತಿದ್ದೀಯ, ಕೆಳಗಿರುವ ಯಾರ ಹಗ್ಗ ಹಿಡಿದಿದ್ದೀಯ ಹೇಳು."