ಬೆರಳಿಗೆ ತಿಳಿಯದ ಪಾಕ

"ಗುರುಗಳೇ, ನಾನು ವಾಸಿಯಾದವನೋ, ಆಗದವನೋ?" ಎಂದು ಗುರುಮಲ್ಲಪ್ಪ ಕೇಳಿದ.

ಮಠದ ಜಗಲಿಯಲ್ಲಿ ಬೇರೆ ಯಾರೂ ಇರಲಿಲ್ಲ. ಬಂದವರಿಗೆಲ್ಲ ಇಡುವಂತೆ ಗುರುಗಳು ಅವನ ಮುಂದೆಯೂ ಒಂದು ಚೂರು ಬೆಲ್ಲ, ಒಂದು ಲೋಟ ನೀರು ಇಟ್ಟಿದ್ದರು. ಅವನು ಎರಡನ್ನೂ ಮುಟ್ಟಿರಲಿಲ್ಲ.

ಗುರುಮಲ್ಲಪ್ಪ ಆ ಮಠದಲ್ಲಿ ಪ್ರತಿ ಸೋಮವಾರ ಸಂಜೆ ಪುರಾಣ ಓದುವವನು. ಇಪ್ಪತ್ತೆರಡು ವರ್ಷ ಓದಿದ್ದ. ನಾಲ್ಕು ತಿಂಗಳ ಹಿಂದೆ ಒಂದು ಬೆಳಿಗ್ಗೆ ಹಲ್ಲುಜ್ಜುತ್ತಿದ್ದಾಗ ಅವನ ಬಾಯಿ ಒಂದು ಕಡೆಗೆ ಎಳೆದುಕೊಂಡಿತು, ಬಲಗಾಲು ನಿಲ್ಲಲಿಲ್ಲ, ಮಾತು ತೊದಲಿತು. ಅರ್ಧ ಗಂಟೆಯೊಳಗೆ ಎಲ್ಲವೂ ತಾನಾಗಿಯೇ ಹಿಂದಕ್ಕೆ ಸರಿಯಿತು. ಡಾಕ್ಟರು ಅದನ್ನು ಮಿನಿ ಸ್ಟ್ರೋಕ್ ಎಂದರು. ಇದು ಎಚ್ಚರಿಕೆ, ಮಾತ್ರೆ ಮಾತ್ರ ಒಂದು ದಿನವೂ ತಪ್ಪಿಸಬೇಡಿ ಎಂದು ಹೇಳಿ ಕಳಿಸಿದರು.

"ಸ್ಕ್ಯಾನ್‌ನಲ್ಲಿ ಏನೂ ಇಲ್ಲವಂತೆ. ಊರವರು ನನ್ನನ್ನು ನೋಡಿ, ಗುಂಡುಕಲ್ಲಿನ ಹಾಗಿದ್ದೀಯಲ್ಲ ಮಾರಾಯ ಎನ್ನುತ್ತಾರೆ. ಆದರೆ ಮಧ್ಯಾಹ್ನವಾಗುವುದರೊಳಗೆ ಮೈ ಸೋತುಹೋಗುತ್ತದೆ. ಬಲಗಾಲು ನನ್ನ ಮನೆಯ ಹೊಸಿಲನ್ನೇ ಎಡವುತ್ತದೆ. ಬೇಕಾದ ಮಾತು ಬೇಕಾದಾಗ ಬರುವುದಿಲ್ಲ. ಮೊನ್ನೆ ಕನ್ನಡಕ ಕೊಡಿ ಅನ್ನುವ ಬದಲು ದೀಪ ಕೊಡಿ ಅಂದೆ. ಹೇಳಿದರೆ ಯಾರೂ ನಂಬುವುದಿಲ್ಲ, ಹೇಳದಿದ್ದರೆ ನನಗೇ ತಡೆಯಲಾಗುವುದಿಲ್ಲ."

ಗುರುಗಳು ಎಲ್ಲವನ್ನೂ ಕೇಳಿಸಿಕೊಂಡರು. ಆಮೇಲೆ, "ಗೌರಾಂಬ ಬರಲಿಲ್ಲವೇ?" ಎಂದರು.

"ತವರಿಗೆ ಹೋಗಿದ್ದಾಳೆ. ಅಲ್ಲೇನೋ ಕೆಲಸವಂತೆ."

ಅಲ್ಲಿ ಯಾವ ಕೆಲಸವೂ ಇರಲಿಲ್ಲ. ಮೂರು ವಾರದ ಹಿಂದೆ ಪುರಾಣ ಓದುತ್ತಿದ್ದಾಗ ಒಂದು ಪದದ ಹತ್ತಿರ ಅವನ ನಾಲಿಗೆ ನಿಂತುಬಿಟ್ಟಿತ್ತು. ಹೆಂಗಸರ ಸಾಲಿನಲ್ಲಿ ಕೂತಿದ್ದ ಅವನ ಹೆಂಡತಿ ಗೌರಾಂಬ ಮೆಲ್ಲಗೆ ಆ ಪದ ಹೇಳಿಕೊಟ್ಟಿದ್ದಳು. ಯಾರೋ ನಕ್ಕಿದ್ದರು. ಮನೆಗೆ ಬಂದ ಮೇಲೆ ಅವನು, ನೀನು ಬಾಯಿ ಹಾಕಿದ್ದರಿಂದಲೇ ನನ್ನ ಓದು ಕೆಟ್ಟಿತು, ನನ್ನ ಕಣ್ಣೆದುರಿಗೆ ಇರಬೇಡ ಎಂದಿದ್ದ. ಮೂವತ್ತು ವರ್ಷದ ಸಂಸಾರದಲ್ಲಿ ಅಂಥ ಮಾತು ಆಡಿದವನಲ್ಲ. ಅವಳು ಅವನ ಮಾತ್ರೆಗಳನ್ನು ಬೆಳಗಿನವು, ಸಂಜೆಯವು ಎಂದು ಎರಡು ಡಬ್ಬಿಗಳಲ್ಲಿ ಬೇರೆ ಮಾಡಿಟ್ಟು ಬಸ್ಸು ಹತ್ತಿದಳು. ಅಂದಿನಿಂದ ಅವನು ಪುರಾಣದ ಹೊತ್ತಿಗೂ ಮಠದ ಕಡೆ ಸುಳಿದಿರಲಿಲ್ಲ.

ಇದನ್ನು ಅವನು ಹೇಳಲಿಲ್ಲ. ಗುರುಗಳೂ ಕೆದಕಲಿಲ್ಲ. "ಬೆಲ್ಲ ಬಾಯಿಗೆ ಹಾಕಿಕೊ. ಅದನ್ನು ಮಾಡಿದವನ ಕತೆ ಹೇಳುತ್ತೇನೆ" ಎಂದು ಶುರುಮಾಡಿದರು.

ಒಂದು ಊರಿನ ಆಲೆಮನೆಯಲ್ಲಿ ಒಬ್ಬ ಹದಗಾರನಿದ್ದ. ಕೊಪ್ಪರಿಗೆಯಲ್ಲಿ ಕಬ್ಬಿನ ಹಾಲು ಕುದಿದು ಪಾಕವಾಗುವಾಗ, ಅದನ್ನು ಒಲೆಯಿಂದ ಇಳಿಸುವ ಗಳಿಗೆ ಹೇಳುವವನೇ ಹದಗಾರ. ಒಂದು ಗಳಿಗೆ ಮೊದಲು ಇಳಿಸಿದರೆ ಬೆಲ್ಲ ಅಚ್ಚಿನಲ್ಲಿ ನಿಲ್ಲುವುದಿಲ್ಲ, ಒಂದು ಗಳಿಗೆ ತಡವಾದರೆ ಕಪ್ಪಾಗಿ ಕಹಿಯಾಗುತ್ತದೆ. ಅದಕ್ಕೆ ಗಡಿಯಾರ ನೋಡಿ ಪ್ರಯೋಜನವಿಲ್ಲ. ಹದಗಾರ ಬೆರಳನ್ನು ತಣ್ಣೀರಿಗೆ ಅದ್ದಿ, ಕುದಿಯುವ ಪಾಕದಿಂದ ಒಂದು ಚಿಟಿಕೆ ಎತ್ತಿ, ಮತ್ತೆ ನೀರಿಗೆ ಅದ್ದಿ ಉರುಳಿಸಿ ನೋಡುತ್ತಾನೆ. ಉಂಡೆ ಎಷ್ಟು ಗಟ್ಟಿಯಾಯಿತು ಎಂದು ಬೆರಳು ಹೇಳುತ್ತದೆ. ಈ ಹದಗಾರನ ಬೆರಳು ಮೂವತ್ತು ವರ್ಷದಲ್ಲಿ ಒಂದು ಸಲವೂ ತಪ್ಪು ಹೇಳಿರಲಿಲ್ಲ. ಅದರ ಗರ್ವವೂ ಅವನಿಗೆ ಸಾಕಷ್ಟಿತ್ತು.

ಕೊಪ್ಪರಿಗೆಯ ಕೆಳಗೆ ಕೂತು ಒಲೆಗೆ ಕಬ್ಬಿನ ಸಿಪ್ಪೆ ನೂಕುವವನು ಇನ್ನೊಬ್ಬನಿದ್ದ. ಹದಿನೆಂಟು ವರ್ಷದಿಂದ ಅವನೇ ಒಲೆಯವನು. ಮೇಲಿನವನು ಕೆಮ್ಮಿದರೆ ಇವನು ಉರಿ ತಗ್ಗಿಸುತ್ತಿದ್ದ. ಇಬ್ಬರ ನಡುವೆ ಮಾತು ಕಡಿಮೆ.

ಒಂದು ದಿನ ಹದಗಾರನಿಗೆ ನಿನಗೆ ಬಂದದ್ದೇ ಬಂತು. ಕೈ ಜೋತುಬಿತ್ತು, ಬಾಯಿ ಸೊಟ್ಟಗಾಯಿತು, ಆಸ್ಪತ್ರೆ ಮುಟ್ಟುವುದರೊಳಗೆ ಸರಿಹೋಯಿತು. ಡಾಕ್ಟರು ಮಾತ್ರೆ ಕೊಟ್ಟು ಮನೆಗೆ ಕಳಿಸಿದರು. ನೋಡಲು ಬಂದವರಿಗೆಲ್ಲ ಅವನು ಎರಡು ಕೈಯನ್ನೂ ಎತ್ತಿ ತೋರಿಸಿ, ನನಗೇನೂ ಆಗಿಲ್ಲ ಎಂದ. ಬಲಗೈಯ ಹೆಬ್ಬೆರಳಿಗೂ ತೋರುಬೆರಳಿಗೂ ಬಟ್ಟೆ ಸುತ್ತಿದಂತೆ ಜೋಮು ಹಿಡಿದಿತ್ತು. ನಾಲ್ಕು ದಿನದಲ್ಲಿ ಬಿಡುತ್ತದೆ ಎಂದುಕೊಂಡ. ಯಾರಿಗೂ ಹೇಳಲಿಲ್ಲ.

ಎಂಟನೆಯ ದಿನ ಕೊಪ್ಪರಿಗೆಯ ಮುಂದೆ ನಿಂತ. ಪಾಕ ಎತ್ತಿ ಉರುಳಿಸಿದ. ಇನ್ನೂ ಮೆತ್ತಗಿದೆ ಅನ್ನಿಸಿತು. "ಇನ್ನೊಂದು ಉರಿ ಹಾಕು" ಎಂದ. ಒಲೆಯವನು ಒಂದು ಸಲ ತಲೆ ಎತ್ತಿ ನೋಡಿದ, ಹಾಕಿದ. ಆ ಕೊಪ್ಪರಿಗೆಯ ಬೆಲ್ಲವೆಲ್ಲ ರೊಟ್ಟಿ ಹಂಚಿನ ಬಣ್ಣಕ್ಕೆ ತಿರುಗಿತು, ದನಕ್ಕೆ ಇಡಬೇಕಾಯಿತು.

ಹದಗಾರ ಮೊದಲು ಕಬ್ಬನ್ನು ಬೈದ. ಕಬ್ಬು ತಿರುಗಿ ಮಾತಾಡುವುದಿಲ್ಲವಲ್ಲ. ಮಾರನೆಯ ದಿನ ಹೆದರಿ ಬೇಗ ಇಳಿಸಿದ, ಪಾಕ ಅಚ್ಚಿನಿಂದ ಹರಿದುಹೋಯಿತು. ಆಗ ಹಾಲು ತಿಳಿಯಾಗಲು ಹಾಕುವ ಸುಣ್ಣ ಸರಿಯಿಲ್ಲ ಎಂದ. ಮೂರನೆಯದು ಮತ್ತೆ ಸೀದುಹೋದಾಗ ಬೈಯಲು ಒಲೆಯವನೊಬ್ಬನೇ ಉಳಿದಿದ್ದ. ಆಲೆಮನೆಯ ಯಜಮಾನನ ಎದುರಿಗೆ, ಕಬ್ಬು ತಂದಿದ್ದ ನಾಲ್ಕು ಜನ ರೈತರ ಎದುರಿಗೆ, "ಇವನಿಗೆ ಉರಿಯ ಮೇಲೆ ಗಮನವಿಲ್ಲ. ಇವನು ಒಲೆಯ ಮುಂದೆ ಇರುವವರೆಗೆ ನಾನು ಬೆರಳು ಅದ್ದುವುದಿಲ್ಲ" ಎಂದ. ಯಜಮಾನ ಹದಗಾರನ ಮಾತು ತೆಗೆದುಹಾಕುವಂತಿರಲಿಲ್ಲ. ಒಲೆಯವನು ಸಿಪ್ಪೆ ನೂಕುವ ತನ್ನ ಕವೆಗೋಲನ್ನು ಗೋಡೆಗೆ ಒರಗಿಸಿ, ಟವೆಲು ಕೊಡವಿಕೊಂಡು ಹೊರಟುಹೋದ.

ಹೊಸ ಒಲೆಯವನು ಬಂದ. ನಾಲ್ಕನೆಯ ಕೊಪ್ಪರಿಗೆಯೂ ಕೆಟ್ಟಿತು.

ಅಂದು ಹದಗಾರ ಮನೆಯಲ್ಲಿ ಊಟಕ್ಕೆ ಕೂತಿದ್ದ. ಮುದ್ದೆಗೆ ಸಾರು ಬಿಡಲು ಬಗ್ಗಿದ ಹೆಂಡತಿ ಹಾಗೇ ನಿಂತಳು. "ಈ ಬೊಬ್ಬೆ ಯಾವಾಗ ಎದ್ದವು?" ಎಂದಳು. ಅವನು ಬೆರಳನ್ನು ತಿರುಗಿಸಿ ನೋಡಿಕೊಂಡ. ಹೆಬ್ಬೆರಳ ತುದಿಯಲ್ಲಿ ಒಂದು, ತೋರುಬೆರಳಲ್ಲಿ ಎರಡು. ಒಂದು ಒಡೆದು ನೀರು ಸೋರುತ್ತಿತ್ತು. ಯಾವಾಗ ಸುಟ್ಟಿತೋ ಅವನಿಗೆ ಗೊತ್ತಿರಲಿಲ್ಲ. ಆ ಬೆರಳಿನಲ್ಲೇ ಮುದ್ದೆ ಮುರಿಯುತ್ತಿದ್ದ.

ಅವನಿಗೆ ಭಯವಾಯಿತು. ಬೊಬ್ಬೆಗಲ್ಲ. ಬೆರಳು ಇಲ್ಲದ ಹದಗಾರ ಎಂದರೆ ಏನು, ಅವನು ಬೆಳಿಗ್ಗೆ ಎದ್ದು ಎಲ್ಲಿಗೆ ಹೋಗಬೇಕು ಎಂದು ಭಯವಾಯಿತು. ಅದಕ್ಕಿಂತ ಹೆಚ್ಚಾಗಿ ನಾಚಿಕೆಯಾಯಿತು. ಹದಿನೆಂಟು ವರ್ಷ ಕೆಳಗೆ ಕೂತು ಹೊಗೆ ಕುಡಿದವನನ್ನು ನಾಲ್ಕು ಜನರ ಎದುರಿಗೆ ಎಬ್ಬಿಸಿ ಕಳಿಸಿದ್ದ. ಊಟ ಅರ್ಧಕ್ಕೇ ಬಿಟ್ಟು ಎದ್ದು ಕೈ ತೊಳೆದ. ಎರಡು ದಿನ ಜ್ವರ ಎಂದು ಹೇಳಿ ಮಲಗಿದ. ಮೂರನೆಯ ದಿನ ಬೆಳಿಗ್ಗೆ ಒಲೆಯವನ ಮನೆಗೆ ನಡೆದ.

ಒಲೆಯವನು ಅಂಗಳದಲ್ಲಿ ಕೂತು ಹಗ್ಗ ಹೊಸೆಯುತ್ತಿದ್ದ. ಏಳಲಿಲ್ಲ, ಮುಖವನ್ನೂ ತಿರುಗಿಸಲಿಲ್ಲ.

"ನನ್ ಬೆರಳಿಗೆ ಏನೂ ಗೊತ್ತಾಯ್ತಾ ಇಲ್ಲ ಕಣೋ" ಎಂದ ಹದಗಾರ. "ತಪ್ಪು ನಿಂದಲ್ಲ. ನಂದು."

"ಗೊತ್ತಿತ್ತು ಬುಡಣ್ಣ. ಕುದಿಯೋ ಪಾಕ್ದಾಗೆ ಬೆರಳಿಟ್ಕೊಂಡು ಸುಮ್ನೆ ನಿಂತಿದ್ದಲ್ಲ. ನೋಡ್ದೋನ್ಗೆ ನನ್ಗೇ ಉರಿ ಹತ್ತಿತ್ತು."

"ಮತ್ತೆ ಅಂದೇ ಬಾಯ್ಬುಟ್ಟು ಹೇಳ್ಬಾರ್ದಾಗಿತ್ತಾ?"

"ಹೆಂಗೇಳ್ಲಿ? ನಂಗೇನೂ ಆಗಿಲ್ಲ ಅಂತ ಊರ್ಗೆಲ್ಲ ಸಾರ್ಕೊಂಡು ಬಂದೋನು ನೀನೇ."

ಹದಗಾರ ಅಲ್ಲೇ ಮಣ್ಣಿನ ಮೇಲೆ ಕೂತ. ಒಲೆಯವನು ಹೊಸೆಯುತ್ತಿದ್ದ ಹಗ್ಗ ಮುಗಿಸಿದ, ಗಂಟು ಹಾಕಿದ, ಆಮೇಲೆ ಟವೆಲು ಹುಡುಕಿದ.

ಇಬ್ಬರೂ ಒಟ್ಟಿಗೇ ಆಲೆಮನೆಗೆ ಬಂದರು. ಮೊನ್ನೆಯ ರೈತರು ಅಂದೂ ಅಲ್ಲಿದ್ದರು. ಹದಗಾರ ಅವರೆದುರಿಗೆ ಕೈ ಚಾಚಿ ಬೊಬ್ಬೆ ತೋರಿಸಿದ. ಕೆಟ್ಟದ್ದು ನನ್ನ ಬೆರಳು, ಇವನ ಉರಿಯಲ್ಲ ಎಂದ. ಅಷ್ಟು ಹೇಳುವುದರೊಳಗೆ ಬೆವೆತುಹೋದ. ಒಬ್ಬ ರೈತ ತನ್ನ ಕಬ್ಬನ್ನು ಗಾಡಿಗೆ ತುಂಬಿಕೊಂಡು ಬೇರೆ ಆಲೆಮನೆಗೆ ಹೊಡೆದುಕೊಂಡು ಹೋದ. ಮೂವರು ನಿಂತರು.

ಅಂದಿನಿಂದ ಕೆಲಸದ ರೀತಿ ಬದಲಾಯಿತು. ಹದದ ಹೊತ್ತಿಗೆ ಒಲೆಯವನು ಮೇಲೆ ಹತ್ತಿ ಬಂದು ತಾನು ಬೆರಳು ಅದ್ದುತ್ತಿದ್ದ. ಹದವಾಯಿತೋ ಇಲ್ಲವೋ ಎಂದು ಅವನು ಹೇಳುವಂತಿರಲಿಲ್ಲ, ಅದು ಅವನಿಗೆ ತಿಳಿಯುತ್ತಲೂ ಇರಲಿಲ್ಲ. ಬೆರಳಿಗೆ ಅನ್ನಿಸಿದ್ದನ್ನು ಮಾತ್ರ ಹೇಳುತ್ತಿದ್ದ. ಅಂಟುತ್ತದೆ. ಎಳೆಯಾಗುತ್ತದೆ. ಜೇಡಿಮಣ್ಣಿನಂತೆ ಉರುಳುತ್ತದೆ. ಹದಗಾರ ನೊರೆಯ ಬಣ್ಣ ನೋಡುತ್ತಾ, ಕುದಿಯುವ ಸದ್ದು ಕೇಳುತ್ತಾ, ಅವನ ಮಾತನ್ನೂ ಕೇಳಿ, ಇಳಿಸು ಎನ್ನುತ್ತಿದ್ದ. ಮೊದಲ ಎರಡು ಕೊಪ್ಪರಿಗೆ ಅಷ್ಟೇನೂ ಚೆನ್ನಾಗಿ ಬರಲಿಲ್ಲ. ಮೂರನೆಯದು ಅಚ್ಚಿನಲ್ಲಿ ನಿಂತಿತು.

ಬೆರಳಿನ ಜೋಮು ಹೋಗಲಿಲ್ಲ. ಕೆಲವು ದಿನ ಸ್ವಲ್ಪ ಸಡಿಲವಾಗುತ್ತಿತ್ತು, ಮೋಡದ ದಿನಗಳಲ್ಲಿ ಹೆಚ್ಚುತ್ತಿತ್ತು. ದಿನಕ್ಕೆ ನಾಲ್ಕು ಕೊಪ್ಪರಿಗೆ ಇಳಿಸುತ್ತಿದ್ದವನು ಎರಡಕ್ಕೆ ನಿಲ್ಲಿಸಿ, ಇವತ್ತಿನ ನನ್ನ ಶಕ್ತಿ ಮುಗಿಯಿತು ಎಂದು ಎಲ್ಲರಿಗೂ ಕೇಳುವಂತೆ ಹೇಳಿ ಹೊಂಗೆಮರದ ಕೆಳಗೆ ಮಲಗುತ್ತಿದ್ದ. ಯಜಮಾನ ಗೊಣಗಿದ, ಆಮೇಲೆ ಅದಕ್ಕೂ ಒಗ್ಗಿಕೊಂಡ. ಮಾತ್ರೆಯ ಹೊತ್ತಿಗೆ ಒಲೆಯವನು ಕೆಳಗಿನಿಂದಲೇ ಕೆಮ್ಮುತ್ತಿದ್ದ. ಒಮ್ಮೊಮ್ಮೆ ಹದಗಾರ ಸೌಟು ಕೇಳಲು ಹೋಗಿ, ಕುಡುಗೋಲು ಕೊಡು ಎನ್ನುತ್ತಿದ್ದ. ಒಲೆಯವನು ಸೌಟನ್ನೇ ಕೊಡುತ್ತಿದ್ದ.

ಇಷ್ಟು ಹೇಳಿ ಗುರುಗಳು ಕತೆ ಮುಗಿಸಿದರು. ಗುರುಮಲ್ಲಪ್ಪನ ಬಾಯಲ್ಲಿದ್ದ ಬೆಲ್ಲ ಆಗಲೇ ಕರಗಿತ್ತು. ಅವನು ನೀರು ಕುಡಿದು ಲೋಟವನ್ನು ಕೆಳಗಿಟ್ಟ. ಕತೆ ಚೆನ್ನಾಗಿತ್ತು, ಆದರೆ ತಾನು ಕೇಳಿದ್ದಕ್ಕೆ ಉತ್ತರ ಬರಲಿಲ್ಲ ಅನ್ನಿಸಿತು.

"ಹಾಗಾದರೆ ಗುರುಗಳೇ, ನಾನು ವಾಸಿಯಾದವನೋ, ಆಗದವನೋ?"

ಗುರುಗಳು ಎದ್ದು, ಇನ್ನೊಂದು ಅಚ್ಚು ಬೆಲ್ಲವನ್ನು ಕಾಗದದಲ್ಲಿ ಸುತ್ತಿ ಅವನ ಕೈಗಿಟ್ಟು, "ಗೌರಾಂಬನ ಊರಿಗೆ ಬಸ್ಸು ಎಷ್ಟು ಹೊತ್ತಿಗಿದೆ?" ಎಂದರು.

ಗುರುಮಲ್ಲಪ್ಪ ಬೆಲ್ಲದ ಪೊಟ್ಟಣವನ್ನು ಜೇಬಿಗಿಟ್ಟು, ಬಲಗಾಲನ್ನು ನೋಡಿಕೊಂಡು ಜಗಲಿ ಇಳಿದು, ಬಸ್ಸು ನಿಲ್ಲುವ ಕಡೆಗೆ ನಡೆದ.